ಸೋಲರಿಯದ ತಂಡಕ್ಕೆ ಬಾರದ ಕರೆ

ಅಮೆರಿಕದ ಕಾಲೇಜು ಕ್ರೀಡೆಗಳ ಚರಿತ್ರೆಯಲ್ಲಿ ಗೆದ್ದವರ ಕಥೆಗಳಿಗೆ ಕೊರತೆಯಿಲ್ಲ. ಸೋತೂ ಕೀರ್ತಿವಂತರಾದವರ ಕಥೆಗಳೂ ಬೇಕಾದಷ್ಟುಂಟು. ಆದರೆ ಆಡಿದ ಒಂಬತ್ತು ಪಂದ್ಯಗಳಲ್ಲಿ ಒಂಬತ್ತನ್ನೂ ಗೆದ್ದು, ಆ ವರ್ಷ ದೇಶದಲ್ಲಿ ಅತ್ಯಧಿಕ ದೂರ ಚೆಂಡನ್ನು ಹೊತ್ತು ಓಡಿದ ಆಟಗಾರನನ್ನು ತನ್ನಲ್ಲಿರಿಸಿಕೊಂಡಿದ್ದೂ, ಋತು ಮುಗಿದ ಮೇಲೆ ಗೌರವದ ಪಂದ್ಯಕ್ಕೆ ಎಲ್ಲಿಂದಲೂ ಕರೆ ಬಾರದೆ, ಅದಾದ ಕೆಲವೇ ವಾರಗಳಲ್ಲಿ ತನ್ನ ಕಾಲೇಜಿನಿಂದಲೇ ವಿಸರ್ಜಿತವಾಗಿ ಹೋದ ತಂಡದ ಕಥೆ ಒಂದೇ ಒಂದು. ಅದು 1951ರ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡ. ‘ಡಾನ್ಸ್’ ಎಂಬುದು ಅದರ ರೂಢಿಯ ಹೆಸರು.

ಕಥೆಗೆ ಮೊದಲು ಆಟದ ಪರಿಚಯ ಅವಶ್ಯ, ಏಕೆಂದರೆ ಇದು ನಮ್ಮ ಊರುಗಳ ಮೈದಾನದಲ್ಲಿ ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ನೂರು ಗಜ ಉದ್ದದ ಅಂಗಳದಲ್ಲಿ, ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿಯಂತೆ ನಿಂತು, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ, ಮುಂದಕ್ಕೆ ಎಸೆದೋ ಎದುರಾಳಿಯ ಕೊನೆಯ ಗೆರೆಯನ್ನು ದಾಟಿಸುವುದು ಈ ಆಟದ ಗುರಿ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳ ಹಕ್ಕು ದೊರೆಯುತ್ತದೆ. ಇಲ್ಲವಾದರೆ ಚೆಂಡು ಎದುರಾಳಿಯ ವಶ. ಗೆರೆ ದಾಟಿಸಿದರೆ ‘ಟಚ್‌ಡೌನ್’, ಅದಕ್ಕೆ ಆರು ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಚೆಂಡನ್ನು ಒದ್ದರೆ ಇನ್ನೊಂದು. ಚೆಂಡು ಹಿಡಿದವನನ್ನು ಅವನದೇ ಕೊನೆಯ ಗೆರೆಯ ಹಿಂದೆ ಕೆಡವಿದರೆ ಕೆಡವಿದವರಿಗೆ ಎರಡು ಅಂಕ. ಈ ಕೊನೆಯ ವಿವರವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ಆಟ ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಮನೋರಂಜನೆ ಮಾತ್ರವಾಗಿರದೆ ಪ್ರತಿಷ್ಠೆಯೂ ವರಮಾನವೂ ಆಗಿತ್ತು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಡೆಯುವ ಋತು ಮುಗಿದ ಮೇಲೆ, ಹೊಸ ವರ್ಷದ ದಿನ ಮತ್ತು ಅದರ ಆಸುಪಾಸಿನಲ್ಲಿ, ಬೆಚ್ಚಗಿನ ಹವೆಯ ಕೆಲವು ನಗರಗಳು ಶ್ರೇಷ್ಠ ತಂಡಗಳನ್ನು ಕರೆಸಿ ‘ಬೌಲ್’ ಎಂಬ ಪಂದ್ಯಗಳನ್ನು ಏರ್ಪಡಿಸುತ್ತಿದ್ದವು. ಮಿಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನ ಶುಗರ್ ಬೌಲ್, ಡಲ್ಲಾಸಿನ ಕಾಟನ್ ಬೌಲ್, ಜಾಕ್ಸನ್‌ವಿಲ್ಲಿನ ಗೇಟರ್ ಬೌಲ್ ಇವೆಲ್ಲ ದಕ್ಷಿಣದವು. ಪಶ್ಚಿಮ ತೀರದ್ದು ಪಾಸಡೀನಾದ ರೋಸ್ ಬೌಲ್. ಈ ರೋಸ್ ಬೌಲ್ ಮಾತ್ರ 1947ರಿಂದ ಎರಡು ಪ್ರಬಲ ಒಕ್ಕೂಟಗಳ ಒಪ್ಪಂದಕ್ಕೆ ಒಳಪಟ್ಟಿದ್ದು, ಯಾವ ಒಕ್ಕೂಟಕ್ಕೂ ಸೇರದ ಸ್ಯಾನ್ ಫ್ರಾನ್ಸಿಸ್ಕೊದಂತಹ ಸ್ವತಂತ್ರ ತಂಡಕ್ಕೆ ಅದರ ಬಾಗಿಲು ಮುಚ್ಚಿತ್ತು. ಹೀಗಾಗಿ ಪಶ್ಚಿಮದ ಈ ತಂಡ ಗೌರವವನ್ನು ಅರಸುವುದಾದರೆ ದಕ್ಷಿಣದ ಕಡೆಗೇ ಮುಖ ಮಾಡಬೇಕಾಗಿತ್ತು. ಮಿಕ್ಕ ಕಥೆಗೆಲ್ಲ ಇದೇ ಬೀಜ.

ವಿಶ್ವವಿದ್ಯಾಲಯವಾದರೋ ದೊಡ್ಡದಲ್ಲ. 1855ರಲ್ಲಿ ಜೆಸ್ಯುಯಿಟ್ ಪಾದ್ರಿಗಳು ಚಿಕ್ಕ ಶಾಲೆಯಾಗಿ ಆರಂಭಿಸಿದ ಸಂಸ್ಥೆಯದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನೂ ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನೂ ಬಲ್ಲ ನಮ್ಮ ಓದುಗರಿಗೆ ಆ ಸಂಪ್ರದಾಯದ ಶಿಸ್ತೂ ಮಿತವ್ಯಯವೂ ಅಪರಿಚಿತವಲ್ಲ. ತಂಡಕ್ಕೆ ಸ್ವಂತದ ಕ್ರೀಡಾಂಗಣವಿರಲಿಲ್ಲ. ನಗರದ ಗೋಲ್ಡನ್ ಗೇಟ್ ಉದ್ಯಾನದಲ್ಲಿರುವ ಕೀಜರ್ ಕ್ರೀಡಾಂಗಣವನ್ನು ಆಶ್ರಯಿಸಿ ಆಡುತ್ತಿದ್ದರು. ಅದೇ ಕೀಜರಿನಲ್ಲಿ 1946ರಿಂದ ‘ಫಾರ್ಟಿನೈನರ್ಸ್’ ಎಂಬ ವೃತ್ತಿಪರ ತಂಡವೂ ಆಡತೊಡಗಿ, 1950ರಲ್ಲಿ ಅದು ವೃತ್ತಿಪರ ಫುಟ್‌ಬಾಲಿನ ರಾಷ್ಟ್ರೀಯ ಲೀಗನ್ನು ಪ್ರವೇಶಿಸಿದ್ದರಿಂದ, ಟಿಕೆಟ್ ಕೊಳ್ಳುವ ನಾಗರಿಕನ ಹಣ ಯಾವ ಕಡೆಗೆ ಹರಿಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂಡದ ಕೋಚ್ ಜೋ ಕುಹಾರಿಚ್, ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಆಡಿ ಬೆಳೆದ, ಮಾತಿಗಿಂತ ಮೈದಣಿವನ್ನು ಹೆಚ್ಚು ನಂಬಿದ ಮನುಷ್ಯ. 1948ರಲ್ಲಿ ಅಧಿಕಾರ ವಹಿಸಿದ ಆತ 1951ರ ಋತುವಿಗೆ ಮುನ್ನ ತನ್ನ ಹುಡುಗರನ್ನು ಸಮುದ್ರದ ತಂಗಾಳಿಯಿಂದ ಬಹುದೂರ, ಉತ್ತರ ಕ್ಯಾಲಿಫೋರ್ನಿಯದ ಒಳನಾಡಿನ ಕಾರ್ನಿಂಗ್ ಎಂಬ ಸಣ್ಣ ಊರಿಗೆ ಕರೆದೊಯ್ದು, ಬೇಸಗೆಯ ಉರಿಬಿಸಿಲಿನಲ್ಲಿ ಎಂತಹ ಶಿಬಿರ ನಡೆಸಿದನೆಂದರೆ, ಅದನ್ನು ತಾಳಿಕೊಂಡು ಹಿಂದಿರುಗಿದವರು ವೃದ್ಧರಾದ ಮೇಲೂ ಪಂದ್ಯಗಳಿಗಿಂತ ಮೊದಲು ಆ ಬಿಸಿಲನ್ನೇ ಸ್ಮರಿಸುತ್ತಿದ್ದರು.

ಆ ತಂಡದಲ್ಲಿದ್ದವರು ಎಂತಹವರು! ವೆಸ್ಟ್ ವರ್ಜೀನಿಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ಬೆಳೆದ ಜೀನೊ ಮಾರ್ಕೆಟ್ಟಿ ಹದಿಹರೆಯದಲ್ಲಿಯೇ ಸೈನ್ಯ ಸೇರಿ, ಎರಡನೆಯ ಮಹಾಯುದ್ಧದ ಯುರೋಪಿನ ರಂಗದಲ್ಲಿ ‘ಬಲ್ಜ್’ ಕಾಳಗವನ್ನು ಕಂಡು, ಹಿಂದಿರುಗಿದ ಮೇಲೆ ಚರ್ಮದ ಜಾಕೆಟ್ಟು ತೊಟ್ಟು ಮೋಟಾರ್ ಸೈಕಲ್ಲಿನ ಮೇಲೆ ಕಾಲೇಜಿಗೆ ಬಂದವನು. ಬಾಬ್ ಸೇಂಟ್ ಕ್ಲೇರ್ ಆರಡಿ ಒಂಬತ್ತಂಗುಲದ ಆಳು, ಹಸಿ ಮಾಂಸವನ್ನೇ ಮೆಚ್ಚಿ ತಿನ್ನುವ ಅಭ್ಯಾಸದಿಂದ ಗೆಳೆಯರನ್ನು ಬೆರಗುಗೊಳಿಸುತ್ತಿದ್ದವನು. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕಿನ ಸ್ಥಾನದಲ್ಲಿ ಎಡ್ ಬ್ರೌನ್. ಈ ಮೂವರೂ ಬಿಳಿಯರು. ತಂಡದಲ್ಲಿದ್ದ ಕಪ್ಪು ವರ್ಣದವರು ಇಬ್ಬರೇ: ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಸಿನಲ್ಲಿ, ಟೋಲರ್ ಟೆನೆಸಿಯ ಮೆಂಫಿಸಿನಲ್ಲಿ. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜಿನಲ್ಲಿ ಜೊತೆಯಾಗಿ, ಅಲ್ಲಿಂದ ಬೆಟ್ಟದ ಮೇಲಿದ್ದ ಈ ವಿಶ್ವವಿದ್ಯಾಲಯಕ್ಕೆ ಬಂದರು. ಮ್ಯಾಟ್ಸನ್ ಓಡುವ ಹಾಫ್‌ಬ್ಯಾಕ್. ಟೋಲರ್ ಓಡುವವರನ್ನು ಕೆಡವುವ ಲೈನ್‌ಬ್ಯಾಕರ್. ಟೋಲರನೇ ತಮ್ಮಲ್ಲಿ ಅತ್ಯುತ್ತಮ ಆಟಗಾರನಾಗಿದ್ದನೆಂದು ಮುಂದೆ ಸಹಚರರಲ್ಲಿ ಹಲವರು ಹೇಳಿದ್ದುಂಟು. ಎದುರಾಳಿಯನ್ನು ಕೆಡವುವವನ ಹೆಸರು ಅಂಕಪಟ್ಟಿಯಲ್ಲಿ ಮೂಡುವುದಿಲ್ಲವಾದ್ದರಿಂದ, ಇಂತಹ ತೀರ್ಪನ್ನು ಪಕ್ಕದಲ್ಲಿ ನಿಂತು ಆಡಿದವರಿಂದಲೇ ಕೇಳಬೇಕು.

ಇನ್ನೊಬ್ಬನನ್ನು ಇಲ್ಲಿ ಹೆಸರಿಸದೆ ವಿಧಿಯಿಲ್ಲ. ಆಟವಾಡದಿದ್ದರೂ ಆಟದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಹೊತ್ತಿದ್ದ, ಅದೇ ಕಾಲೇಜಿನ ಪದವೀಧರ ಪೀಟ್ ರೊಜೆಲ್, ವಯಸ್ಸು ಇಪ್ಪತ್ತೈದು. ಪೂರ್ವ ತೀರದ ಪತ್ರಕರ್ತರ ಕಣ್ಣಿಗೆ ಪಶ್ಚಿಮದ ಸಣ್ಣ ಕಾಲೇಜೊಂದನ್ನು ಬೀಳಿಸುವುದು ಸುಲಭದ ಕಾರ್ಯವಾಗಿರಲಿಲ್ಲ. ಈ ತರುಣ ಅದನ್ನು ನಗುನಗುತ್ತ ಮಾಡಿದ.

ಋತು ಆರಂಭವಾದುದು ಸ್ಯಾನ್ ಹೊಸೆ ಸ್ಟೇಟ್ ತಂಡದ ಮೇಲೆ 39-2ರ ಜಯದಿಂದ. ಹಿಂದೆ ಹೇಳಿದ ಎರಡಂಕದ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಇಡೀ ಪಂದ್ಯದಲ್ಲಿ ಎದುರಾಳಿ ಗಳಿಸಿದ್ದು ಎರಡೇ ಅಂಕವೆಂದರೆ, ಆ ಕಾಲದ ನಿಯಮದಲ್ಲಿ ಅದಕ್ಕೆ ಅರ್ಥ ಒಂದೇ, ಅವರು ಚೆಂಡನ್ನು ಹಿಡಿದು ಒಮ್ಮೆಯೂ ಗೆರೆ ದಾಟಲಿಲ್ಲ, ಒಮ್ಮೆ ಮಾತ್ರ ಚೆಂಡು ಡಾನ್ಸರ ಸ್ವಂತ ಗೆರೆಯ ಹಿಂದೆ ಸಿಕ್ಕಿಬಿತ್ತು. ತರುವಾಯ ಐಡಾಹೊ 28-7, ಕ್ಯಾಂಪ್ ಪೆಂಡಲ್‌ಟನ್ನಿನ ನೌಕಾಪದಾತಿ ಪಡೆ 26-0, ಮತ್ತೊಮ್ಮೆ ಅದೇ ಸ್ಯಾನ್ ಹೊಸೆ 42-7. ಸೈನಿಕ ಶಿಬಿರಗಳ ತಂಡಗಳೊಡನೆಯೂ, ಒಂದೇ ಕಾಲೇಜಿನೊಡನೆ ಎರಡೆರಡು ಬಾರಿಯೂ ಆಡಬೇಕಾಗಿ ಬಂದುದು ದಾರಿದ್ರ್ಯದ ಲಕ್ಷಣವೇ ಹೊರತು ಆಯ್ಕೆಯಲ್ಲ. ಐಡಾಹೊ ಒಂದನ್ನು ಬಿಟ್ಟರೆ ದೊಡ್ಡ ಒಕ್ಕೂಟಗಳ ತಂಡಗಳು ಇವರ ಪಂದ್ಯಪಟ್ಟಿಯಲ್ಲಿ ಇರಲಿಲ್ಲ. ಸೋತರೆ ಅವಮಾನ, ಗೆದ್ದರೆ ಲಾಭವಿಲ್ಲ ಎಂಬಂತಹ ಎದುರಾಳಿಯನ್ನು ದೊಡ್ಡವರು ತಾವಾಗಿ ಹುಡುಕಿಕೊಂಡು ಹೋಗುವುದುಂಟೆ?

ಅಕ್ಟೋಬರಿನಲ್ಲಿ ತಂಡ ದೇಶವನ್ನು ಅಡ್ಡಹಾಯ್ದು ನ್ಯೂಯಾರ್ಕಿಗೆ ಹೋಗಿ, ಇನ್ನೊಂದು ಜೆಸ್ಯುಯಿಟ್ ಸಂಸ್ಥೆಯಾದ ಫೋರ್ಡಮ್ ವಿಶ್ವವಿದ್ಯಾಲಯವನ್ನು ಎದುರಿಸಿತು. ಪೂರ್ವದ ಪತ್ರಿಕೆಗಳವರ ಮುಂದೆ ಮ್ಯಾಟ್ಸನ್ನನ ಪರೀಕ್ಷೆ ಅದು. ಆಟದ ಆರಂಭಕ್ಕೆ ಎದುರಾಳಿ ಒದ್ದ ಮೊದಲ ಚೆಂಡನ್ನು, ಎಂದರೆ ‘ಕಿಕ್‌ಆಫ್’ ಅನ್ನು, ಹಿಡಿದ ಮ್ಯಾಟ್ಸನ್ 94 ಗಜ ಓಡಿ ಗೆರೆ ದಾಟಿದ. ಅಷ್ಟಕ್ಕೆ ನಿಲ್ಲದೆ, ಅದೇ ಪಂದ್ಯದಲ್ಲಿ ಇನ್ನೊಮ್ಮೆ ಕಿಕ್‌ಆಫಿನ ಚೆಂಡು ಹಿಡಿದು 90 ಗಜ ಓಡಿದ. ಒಬ್ಬ ಆಟಗಾರನ ಬಾಳಿನಲ್ಲಿ ಒಮ್ಮೆ ಒದಗಿದರೆ ಪುಣ್ಯವೆನ್ನಬಹುದಾದ ಓಟ ಒಂದೇ ಅಪರಾಹ್ನದಲ್ಲಿ ಎರಡು ಸಲ ಒದಗಿತು. ಹಾಗಿದ್ದೂ ಫೋರ್ಡಮ್ ಸುಲಭವಾಗಿ ಮಣಿಯಲಿಲ್ಲ. ಕಡೆಗೆ ಉಳಿದ ಅಂತರ 32-26. ಇಡೀ ಋತುವಿನಲ್ಲಿ ಡಾನ್ಸ್ ತಂಡದ ಉಸಿರು ಹಿಡಿಸಿದ ಪಂದ್ಯ ಇದೊಂದೇ.

ಆ ಅಕ್ಟೋಬರಿನಲ್ಲಿಯೇ ದೇಶದ ನಡುಭಾಗದಲ್ಲಿ ಇನ್ನೊಂದು ಸಂಗತಿ ನಡೆಯಿತು. 20ನೆಯ ತಾರೀಖು, ಓಕ್ಲಹಾಮದ ಸ್ಟಿಲ್‌ವಾಟರಿನಲ್ಲಿ, ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ವರ್ಣದ ಆಟಗಾರ ಜಾನಿ ಬ್ರೈಟ್, ಚೆಂಡು ತನ್ನ ಕೈಯಲ್ಲಿಲ್ಲದೆ ನಿಂತಿದ್ದಾಗ, ಎದುರು ತಂಡದವನೊಬ್ಬ ಅವನ ದವಡೆಗೆ ಹೊಡೆದು ಮೂಳೆ ಮುರಿದ. ಅಯೋವದ ಪತ್ರಿಕೆಯ ಇಬ್ಬರು ಛಾಯಾಗ್ರಾಹಕರು ಆ ಹೊಡೆತವನ್ನು ಅನುಕ್ರಮವಾಗಿ ಸೆರೆಹಿಡಿದರು. ಆ ಚಿತ್ರಗಳಿಗೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ನಮ್ಮ ಕಥೆ ಅದಕ್ಕೆ ಮೂರು ವರ್ಷ ಹಿಂದಿನದು. ದಕ್ಷಿಣದ ಅನೇಕ ಕ್ರೀಡಾಂಗಣಗಳಲ್ಲಿ ಬಿಳಿಯರೂ ಕರಿಯರೂ ಒಂದೇ ಅಂಗಳದಲ್ಲಿ ಆಡುವುದನ್ನು ಶಾಸನವೋ, ಶಾಸನಕ್ಕಿಂತ ಕಠಿನವಾದ ರೂಢಿಯೋ ತಡೆಯುತ್ತಿದ್ದಿತು. ಅಲ್ಲಿಗೆ ಹೋಗುವ ಉತ್ತರದ ಕಾಲೇಜುಗಳು ತಮ್ಮ ಕಪ್ಪು ಆಟಗಾರರನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ‘ಸಭ್ಯರ ಒಪ್ಪಂದ’ವೆಂಬ ಹೆಸರಿನಲ್ಲಿ ಬಹುಕಾಲ ನಡೆದುಬಂದಿತ್ತು. ಇಂತಹ ಒಪ್ಪಂದಕ್ಕೆ ಸಭ್ಯರ ಹೆಸರನ್ನೇ ಇಟ್ಟ ಧೈರ್ಯವನ್ನು ಮೆಚ್ಚಬೇಕು.

ಇತ್ತ ಡಾನ್ಸ್ ತಂಡದ ಗೆಲುವುಗಳು ಮುಂದುವರಿದವು: ಸ್ಯಾನ್ ಡಿಯೇಗೊದ ನೌಕಾದಳ 26-7, ಸೋದರ ಸಂಸ್ಥೆಯಾದ ಸಾಂಟಾ ಕ್ಲಾರಾ 26-7. ಅನಂತರ ನವೆಂಬರಿನಲ್ಲಿ ಬಂದುದು ಸ್ಟಾಕ್‌ಟನ್ ನಗರದ ಪೆಸಿಫಿಕ್ ಕಾಲೇಜಿನ ಪಂದ್ಯ. ಗೆದ್ದ ತಂಡಕ್ಕೆ ಬೌಲ್ ಪಂದ್ಯದ ಆಹ್ವಾನ ನಿಶ್ಚಿತವೆಂಬ ಮಾತು ಹಬ್ಬಿತ್ತು. ಡಾನ್ಸ್ ಗೆದ್ದುದು 47-14ರಿಂದ. ಒಂದು ವಾರದ ಮೇಲೆ ಲಾಸ್ ಏಂಜಲೀಸಿನ ಲೊಯೋಲವನ್ನು 20-2ರಿಂದ ಸೋಲಿಸುವುದರೊಡನೆ ಋತು ಪೂರ್ಣವಾಯಿತು. ಈ ಕೊನೆಯ ಪಂದ್ಯ ನಡೆದದ್ದು ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ. ಹೊಸ ವರ್ಷದ ದಿನ ಯಾವ ಅಂಗಳದ ಬಾಗಿಲು ಅವರಿಗೆ ಮುಚ್ಚಿತ್ತೋ ಅದರೊಳಗೆ ಅವರು ನವೆಂಬರಿನಲ್ಲಿ, ಯಾರ ಆಹ್ವಾನವೂ ಇಲ್ಲದೆ, ಸಾಧಾರಣ ಪಂದ್ಯವೊಂದನ್ನು ಗೆದ್ದು ಹೊರಬಂದರು.

ಒಟ್ಟು ಲೆಕ್ಕ ಹೀಗಿದೆ: ಗಳಿಸಿದ್ದು 286 ಅಂಕ, ಕೊಟ್ಟದ್ದು 72. ಮ್ಯಾಟ್ಸನ್ ಒಬ್ಬನೇ ಓಡಿದ್ದು 1,566 ಗಜ, ದಾಟಿಸಿದ ಟಚ್‌ಡೌನ್ 21. ಓಟದ ಗಜಗಳಲ್ಲಿ ದೇಶಕ್ಕೇ ಪ್ರಥಮ. ಅಷ್ಟಾದರೂ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕ ಪ್ರಿನ್ಸ್‌ಟನ್ನಿನ ಡಿಕ್ ಕಜ್‌ಮೈಯರ್‌ಗೆ ಸಂದಿತು. ಮತದಾನದಲ್ಲಿ ಮ್ಯಾಟ್ಸನ್ನನಿಗೆ ದೊರೆತುದು ಒಂಬತ್ತನೆಯ ಸ್ಥಾನ. ಪತ್ರಕರ್ತರ ಶ್ರೇಯಾಂಕದಲ್ಲಿ ತಂಡಕ್ಕೆ ಹದಿನಾಲ್ಕನೆಯದು.

ಇನ್ನು ಆಹ್ವಾನದ ವಿಚಾರ. ಬಹಿರಂಗವಾಗಿ ಕೇಳಿಬಂದ ಕಾರಣವೆಂದರೆ ಪಂದ್ಯಪಟ್ಟಿ ದುರ್ಬಲವಾಗಿತ್ತೆಂಬುದು. ತಂಡದವರು ಜೀವನಪರ್ಯಂತ ಹೇಳಿಕೊಂಡು ಬಂದ ವೃತ್ತಾಂತ ಬೇರೆ: ದಕ್ಷಿಣದ ಬೌಲ್ ಒಂದಕ್ಕೆ ಬರಬಹುದು, ಆದರೆ ಮ್ಯಾಟ್ಸನ್ ಮತ್ತು ಟೋಲರ್ ಬರಕೂಡದು ಎಂಬ ಷರತ್ತು ಕುಹಾರಿಚ್‌ನ ಮೂಲಕ ತಮ್ಮ ಕಿವಿಗೆ ಬಿತ್ತೆಂದೂ, ಚರ್ಚೆಗೆ ಅವಕಾಶವೇ ಇಲ್ಲದೆ, ಮತ ಎಣಿಸುವ ಗೋಜಿಗೂ ಹೋಗದೆ, ಇಬ್ಬರನ್ನು ಬಿಟ್ಟು ಹೋಗುವುದಿಲ್ಲವೆಂದು ಬಿಳಿಯ ಆಟಗಾರರೆಲ್ಲ ಒಕ್ಕೊರಲಿನಿಂದ ಹೇಳಿದರೆಂದೂ ಸೇಂಟ್ ಕ್ಲೇರ್, ಮಾರ್ಕೆಟ್ಟಿ ಮೊದಲಾದವರು ನೆನೆದಿದ್ದಾರೆ. ಇಂತಹ ಷರತ್ತುಗಳನ್ನು ಕಾಗದದ ಮೇಲೆ ಬರೆದು ಸಹಿ ಹಾಕುವುದು ವಿರಳ. ಆದುದರಿಂದ ಇದರ ಪ್ರಮಾಣ ಬಾಯಿಂದ ಬಾಯಿಗೆ ಬಂದುದೇ ಆಗಿದೆ. ಆದರೂ ಒಂದು ಸಂಗತಿಯನ್ನು ಪಕ್ಕದಲ್ಲಿರಿಸಿ ನೋಡಬೇಕು. ಆ ಋತುವಿನ ಕೊನೆಯಲ್ಲಿ ಟೆಕ್ಸಸಿನ ಎಲ್ ಪಾಸೊದಲ್ಲಿ ನಡೆದ ಸನ್ ಬೌಲಿಗೆ ಪಶ್ಚಿಮದಿಂದ ಕರೆಸಿಕೊಂಡ ತಂಡ ಯಾವುದು? ಡಾನ್ಸ್ ತಂಡ 33 ಅಂಕಗಳ ಅಂತರದಿಂದ ಬಡಿದ ಪೆಸಿಫಿಕ್ ಕಾಲೇಜು. ಪಂದ್ಯಪಟ್ಟಿಯ ದೌರ್ಬಲ್ಯವನ್ನು ಮುಂದಿಟ್ಟ ವಾದ ಈ ಒಂದು ಕರೆಯೆದುರಿಗೆ ಬಹಳ ಸೊರಗಿ ಕಾಣುತ್ತದೆ. ಹಿಂದಿನ ವರ್ಷ, 1950ರಲ್ಲಿ, ಇದೇ ಎಲ್ ಪಾಸೊದಲ್ಲಿ ಕಪ್ಪು ಆಟಗಾರನನ್ನು ಇಳಿಸಕೂಡದೆಂಬ ನಿರ್ಬಂಧ ಎದುರಾದಾಗ ಲೊಯೋಲ ತನ್ನ ಪಂದ್ಯವನ್ನೇ ಕೈಬಿಟ್ಟಿತ್ತು. ಎಂದ ಮೇಲೆ ಅಂದಿನ ಕ್ಯಾಲಿಫೋರ್ನಿಯದ ಕಾಲೇಜುಗಳಿಗೆ ಈ ಬಗೆಯ ಷರತ್ತು ಹೊಸದೇನಲ್ಲ.

ಈ ನಿರಾಕರಣೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮುಂದಿನ ವಾಕ್ಯದಲ್ಲಿಯೇ, ಬೌಲ್ ಪಂದ್ಯದ ಹಣ ಬಾರದ ಕಾರಣ ತಂಡ ಮುಚ್ಚಿಹೋಯಿತೆಂದು ಹೇಳಿ, ತ್ಯಾಗಕ್ಕೆ ತಕ್ಕ ದುರಂತವನ್ನು ಜೋಡಿಸಿ ಕಥೆಯನ್ನು ಮುಗಿಸುತ್ತಾರೆ. ನನಗೆ ಇದರಲ್ಲಿ ಪೂರ್ಣ ನಂಬಿಕೆಯಿಲ್ಲ. ಫುಟ್‌ಬಾಲಿನ ಬಾಬ್ತು ವಿಶ್ವವಿದ್ಯಾಲಯಕ್ಕೆ ಆಗಿದ್ದ ನಷ್ಟ ಸುಮಾರು 70,000 ಡಾಲರುಗಳೆಂದು ಹೇಳಲಾಗಿತ್ತು; ಬೌಲ್ ಒಂದರ ಪಾಲು ಆ ವರ್ಷದ ಗುಂಡಿಯನ್ನು ಮುಚ್ಚುತ್ತಿತ್ತೆಂದೇ ಇಟ್ಟುಕೊಂಡರೂ, ಮರುವರ್ಷದ ಗುಂಡಿ ಹಾಗೆಯೇ ಕಾದಿರುತ್ತಿತ್ತು. ನೆರೆಯ ಸೇಂಟ್ ಮೇರೀಸ್ ಕಾಲೇಜು 1950ರ ಋತುವಿನೊಡನೆಯೇ ಆಟವನ್ನು ನಿಲ್ಲಿಸಿತ್ತು. ಲೊಯೋಲ ಇವರೊಡನೆಯೇ, 1951ರಲ್ಲಿ; ಸಾಂಟಾ ಕ್ಲಾರಾ 1952ರಲ್ಲಿ; ನ್ಯೂಯಾರ್ಕಿನ ಫೋರ್ಡಮ್ 1954ರಲ್ಲಿ. ಅಂದರೆ ಡಾನ್ಸ್ ತಂಡ ಆ ವರ್ಷ ಎದುರಿಸಿದ ಜೆಸ್ಯುಯಿಟ್ ಸಂಸ್ಥೆಗಳೆಲ್ಲವೂ ಮೂರು ವರ್ಷದೊಳಗೆ ಅಂಗಳದಿಂದ ಹಿಂದೆ ಸರಿದವು. ಚೆಂಡು ನಮ್ಮ ಕೈಯಲ್ಲಿದ್ದಾಗ ಹನ್ನೊಂದು ಮಂದಿ, ಎದುರಾಳಿಯ ಕೈಯಲ್ಲಿದ್ದಾಗ ಬೇರೆ ಹನ್ನೊಂದು ಮಂದಿ ಎಂಬ ಅಂದಿನ ಪದ್ಧತಿ ತಂಡಗಳನ್ನು ಹಿಗ್ಗಿಸಿತ್ತು. ಹಿಗ್ಗಿದ ತಂಡಕ್ಕೆ ವಿದ್ಯಾರ್ಥಿವೇತನ, ಊಟ, ಪ್ರಯಾಣ, ಉಡುಪು ಎಲ್ಲವೂ ಹಿಗ್ಗಬೇಕು. ಒಂದು ಕಡೆ ವೃತ್ತಿಪರ ಆಟದ ಆಕರ್ಷಣೆ, ಇನ್ನೊಂದು ಕಡೆ ಮನೆಮನೆಗೆ ಬರತೊಡಗಿದ ಟೆಲಿವಿಷನ್, ಮೇಲೆ ತರುಣರನ್ನು ಎಳೆದೊಯ್ಯುತ್ತಿದ್ದ ಕೊರಿಯದ ಯುದ್ಧ. ಖಾಸಗಿ ದಾನವನ್ನೂ ಬೋಧನಶುಲ್ಕವನ್ನೂ ನಂಬಿದ ಸಣ್ಣ ಸಂಸ್ಥೆಗಳು ಈ ಭಾರವನ್ನು ಹೊರಲಾರದೆ ಹೋದವು. ಈ ಹುಡುಗರು ದಕ್ಷಿಣಕ್ಕೆ ಹೋಗಿದ್ದರೂ ಅವರ ತಂಡ ಬಹುಶಃ ಉಳಿಯುತ್ತಿರಲಿಲ್ಲ. ಹಾಗೆಂದು ಅವರ ನಿರಾಕರಣೆಯ ಬೆಲೆ ಕಡಿಮೆಯಾಗುವುದೇನಿಲ್ಲ. ಇಪ್ಪತ್ತು ವರ್ಷದ ಆಸುಪಾಸಿನ ತರುಣರಿಗೆ ಹೊಸ ವರ್ಷದ ಅಂತಹ ಪಂದ್ಯ ಬಾಳಿನಲ್ಲಿ ಒಮ್ಮೆ ಮಾತ್ರ ಬರುವಂಥದು, ಅದನ್ನು ಅವರು ತಿಳಿದೇ ಬಿಟ್ಟುಕೊಟ್ಟರು.

ತಂಡ ಚೆದುರಿತು. ಓದಿನ್ನೂ ಮುಗಿದಿರದ ಸೇಂಟ್ ಕ್ಲೇರ್ ಕೊನೆಯ ವರ್ಷಕ್ಕೆ ಓಕ್ಲಹಾಮದ ಟಲ್ಸಾ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಆಡಿ, ತರುವಾಯ ಫಾರ್ಟಿನೈನರ್ಸ್ ಸೇರಿ, ತನ್ನ ಹಳೆಯ ಕೀಜರ್ ಅಂಗಳಕ್ಕೇ ಮರಳಿದ. ಆಟವಾಡುತ್ತಿದ್ದಾಗಲೇ ನೆರೆಯ ಡೇಲಿ ಸಿಟಿಯ ಮೇಯರ್ ಪದವಿಯನ್ನೂ ನಿರ್ವಹಿಸಿದ. ಮಾರ್ಕೆಟ್ಟಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದಲ್ಲಿ ತನ್ನ ಸ್ಥಾನದ ಅದ್ವಿತೀಯ ಆಟಗಾರನೆನಿಸಿದ. ಕುಹಾರಿಚ್ ಶಿಕಾಗೊ ಕಾರ್ಡಿನಲ್ಸ್ ತಂಡದ ಕೋಚ್ ಆಗಿ ನಡೆದ. ಅದೇ ತಂಡ ಮೊದಲ ಸುತ್ತಿನಲ್ಲಿಯೇ ಮ್ಯಾಟ್ಸನ್ನನನ್ನು ಆರಿಸಿಕೊಂಡಿತು. ವೃತ್ತಿಗೆ ಇಳಿಯುವ ಮೊದಲು ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದಲ್ಲಿ ಕಂಚನ್ನೂ ರಿಲೇ ಓಟದಲ್ಲಿ ಬೆಳ್ಳಿಯನ್ನೂ ಗಳಿಸಿದ.  ಮ್ಯಾಟ್ಸನ್, ಮಾರ್ಕೆಟ್ಟಿ ಇಬ್ಬರಿಗೂ 1972ರಲ್ಲಿ, ಸೇಂಟ್ ಕ್ಲೇರ್‌ಗೆ 1990ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು. ಒಂದೇ ವರ್ಷದ ಒಂದೇ ಕಾಲೇಜು ತಂಡದಿಂದ ಮೂವರು!

ಸುದ್ದಿ ಮುಟ್ಟಿಸುತ್ತಿದ್ದ ತರುಣ ರೊಜೆಲ್ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ವ್ಯವಸ್ಥಾಪಕನಾಗಿ, 1959ರಲ್ಲಿ ತನ್ನ ಹಳೆಯ ಗೆಳೆಯ ಮ್ಯಾಟ್ಸನ್ನನನ್ನು ಒಂಬತ್ತು ಮಂದಿಯ ಬದಲಿಗೆ ಕೊಂಡು ಇಡೀ ದೇಶವನ್ನು ಅಚ್ಚರಿಗೊಳಿಸಿದ. 1960ರಲ್ಲಿ ರಾಷ್ಟ್ರೀಯ ಲೀಗಿನ ಆಯುಕ್ತನೇ ಆಗಿ, 1989ರವರೆಗೆ ಆ ಪದವಿಯಲ್ಲಿದ್ದ. ವಿಶ್ವವಿದ್ಯಾಲಯವಾದರೋ ಫುಟ್‌ಬಾಲನ್ನು ಬಿಟ್ಟ ನಾಲ್ಕೇ ವರ್ಷಗಳಲ್ಲಿ, ಬಿಲ್ ರಸೆಲ್ ಮತ್ತು ಕೆ. ಸಿ. ಜೋನ್ಸ್ ಎಂಬ ಇಬ್ಬರು ಕಪ್ಪು ವರ್ಣದ ಆಟಗಾರರ ಬಲದಿಂದ, ಬ್ಯಾಸ್ಕೆಟ್‌ಬಾಲಿನಲ್ಲಿ 1955 ಮತ್ತು 1956ರ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದು, ಸತತ 60 ಪಂದ್ಯಗಳಲ್ಲಿ ಅಜೇಯವಾಗಿ ಉಳಿಯಿತು. ಆ ಆಟಕ್ಕೆ ಬೇಕಾದವರು ಐದೇ ಮಂದಿ, ಖರ್ಚೂ ಅಷ್ಟೇ.

ಟೋಲರನ ವಿಧಿ ಬೇರೆಯಾಗಿತ್ತು. 1952ರ ಆಗಸ್ಟಿನಲ್ಲಿ ಶಿಕಾಗೊದಲ್ಲಿ, ದೇಶದ ಆಯ್ದ ಕಾಲೇಜು ಆಟಗಾರರಿಗೂ ರ‍್ಯಾಮ್ಸ್ ತಂಡಕ್ಕೂ ನಡೆದ ಪಂದ್ಯದಲ್ಲಿ ಅವನ ಮೊಣಕಾಲು ತೀರ ಹಾಳಾಗಿ, ವೃತ್ತಿಪರ ಆಟದ ಒಂದು ದಿನವನ್ನೂ ಕಾಣದೆ ಅವನ ಆಟ ಅಲ್ಲಿಗೇ ಮುಗಿಯಿತು. ಅವನು ಉಪಾಧ್ಯಾಯನಾಗಿ, ಮುಂದೆ ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಯೊಂದರ ಮುಖ್ಯೋಪಾಧ್ಯಾಯನಾದ. ಆ ನಗರದ ಪ್ರೌಢಶಿಕ್ಷಣದಲ್ಲಿ ಆ ಸ್ಥಾನಕ್ಕೆ ಏರಿದ ಮೊದಲ ಕಪ್ಪು ವರ್ಣದವನೆಂಬ ಹೆಸರು ಅವನದು. 1965ರಲ್ಲಿ, ರೊಜೆಲ್ ಆಯುಕ್ತನಾಗಿದ್ದಾಗ, ರಾಷ್ಟ್ರೀಯ ಲೀಗ್ ಅವನನ್ನು ಪಂದ್ಯಗಳ ತೀರ್ಪುಗಾರರಲ್ಲಿ ಒಬ್ಬನನ್ನಾಗಿ ನೇಮಿಸಿತು. ಅವನ ವರ್ಣದವರಿಗೆ ಅದುವರೆಗೆ ಆ ಅಧಿಕಾರ ದೊರೆತಿರಲಿಲ್ಲ. ವಾರದ ದಿನಗಳಲ್ಲಿ ಶಾಲೆ, ಭಾನುವಾರ ಅಂಗಳ ಎಂಬ ಕ್ರಮದಲ್ಲಿ ವರ್ಷಗಳು ಸಂದು, 1980ರ ಜನವರಿಯಲ್ಲಿ ರಾಷ್ಟ್ರೀಯ ಲೀಗಿನ ಅಂತಿಮ ಹಣಾಹಣಿಯಾದ ಸೂಪರ್ ಬೌಲ್ ಪಂದ್ಯದ ತೀರ್ಪುಗಾರರ ಪಟ್ಟಿಯಲ್ಲಿ ಅವನ ಹೆಸರು ಬಂದಿತು. ಪಂದ್ಯ ನಡೆದುದು ಪಾಸಡೀನಾದ ರೋಸ್ ಬೌಲ್‌ನಲ್ಲಿ, ಒಂದು ಲಕ್ಷಕ್ಕೂ ಮೀರಿದ ಜನರ ಎದುರು. ಆ ದಿನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಕೈಯಲ್ಲಿ 31-19ರಿಂದ ಸೋತವರು ಲಾಸ್ ಏಂಜಲೀಸ್ ರ‍್ಯಾಮ್ಸ್.